ಚುರುಕಿನವನು ಆ ಶಾಲೆಗೆ, ಪೆದ್ದ ನಮ್ಮ ಶಾಲೆಗೆ

ಶಾಲೆ ಶುರುವಾಗಿ ಮೂರೋ ನಾಲ್ಕೋ ದಿನ ಆಗಿತ್ತು. ಕೇರಳದ ಶಾಲೆಗಳಲ್ಲಿ ಕೆಲಸ ಮಾಡುವವರಿಗೆ ಜೂನ್ ತಿಂಗಳ ಆ ಮೊದಲ ವಾರ ಎಂತಹದ್ದು ಎಂದು ಬೇರೆ ಹೇಳಬೇಕಾಗಿಲ್ಲ. ಆರನೇ ಕೆಲಸದ ದಿನ ಮಕ್ಕಳ ತಲೆ ಎಣಿಸುತ್ತಾರೆ. ಆ ಲೆಕ್ಕದ ಮೇಲೆ ಎಷ್ಟು ಡಿವಿಷನ್, ಎಷ್ಟು ಅಧ್ಯಾಪಕರು ಎಂದು ತೀರ್ಮಾನವಾಗುತ್ತದೆ. ಒಂದೆರಡು ಮಕ್ಕಳು ಕಡಿಮೆಯಾದರೆ ಡಿವಿಷನ್ ಫಾಲ್, ಒಬ್ಬರ ಹುದ್ದೆ ಹೋಯಿತು. ಕನ್ನಡ ಮಾಧ್ಯಮದವರಾದ ನಮಗೆ ಆ ಆರು ದಿನ ಊಟ ಸೇರುವುದಿಲ್ಲ.

ಅಂತಹ ಒಂದು ಬೆಳಿಗ್ಗೆ ತಾಯಿಯೊಬ್ಬರು ತಮ್ಮ ಇಬ್ಬರು ಗಂಡುಮಕ್ಕಳ ಜೊತೆ ಆಫೀಸಿಗೆ ಬಂದರು. ದೊಡ್ಡವನು ಐದು ಮುಗಿಸಿ ಆರಕ್ಕೆ ಬಂದವ, ಸಣ್ಣವನು ಮೂರನೇ ಕ್ಲಾಸು. ಇಬ್ಬರೂ ನಮ್ಮ ಮಕ್ಕಳೇ.

"ಬೇಸರ ಮಾಡಬೇಡಿ ಮಾಷ್ಟ್ರೇ, ದೊಡ್ಡವನ ಟಿ.ಸಿ. ಬೇಕಿತ್ತು. ಇಂಗ್ಲಿಷ್ ಮೀಡಿಯಂಗೆ ಹಾಕುವ ಅಂತ."

"ಎಂತಕ್ಕೆ ಅಕ್ಕ? ಇಲ್ಲಿ ಚೆಂದ ಕಲೀತಾ ಇದ್ದಾನಲ್ಲ?"

"ಅದಕ್ಕೇ ಮಾಷ್ಟ್ರೇ. ಅವನಿಗೆ ಮಂಡೆ ಉಂಟು. ಇಲ್ಲಿ ಬಿಟ್ಟರೆ ಹಾಳಾಗ್ತಾನೆ. ಸಣ್ಣವ ಸ್ವಲ್ಪ ಪೆದ್ದು, ಅವ ಇಲ್ಲೇ ಇರಲಿ. ಅವನಿಗೆ ಕನ್ನಡವೇ ಸಾಕು."

ಸಣ್ಣವನು ಅಲ್ಲೇ ಮೇಜಿನ ಅಂಚು ಹಿಡಿದು ನಿಂತಿದ್ದ. ಅಷ್ಟನ್ನೂ ಕೇಳಿಸಿಕೊಂಡ.

ನನಗೆ ಬೇಸರವಾಯಿತು. ಯಾವುದಕ್ಕೆ ಎಂದು ಕೇಳಿದರೆ ನಿಜ ಹೇಳುತ್ತೇನೆ, ಒಂದು ತಲೆ ಕಡಿಮೆಯಾಯಿತಲ್ಲ ಎಂದು. ಆ ಸಣ್ಣವನ ಮುಖ ನೆನಪಿಗೆ ಬಂದದ್ದು ರಾತ್ರಿ ಮಲಗಿದ ಮೇಲೆ.

ಆ ತಾಯಿಯನ್ನು ಬೈಯುವುದಕ್ಕೆ ಇದನ್ನು ಬರೆಯುತ್ತಿಲ್ಲ. ಊರು ಹೇಳುವುದನ್ನೇ ಅವರು ಹೇಳಿದರು. ಕನ್ನಡ ಮಾಧ್ಯಮ ಎಂದರೆ ಬಡವರಿಗೆ, ದಡ್ಡರಿಗೆ, ಬೇರೆ ದಾರಿ ಇಲ್ಲದವರಿಗೆ ಎಂಬ ಮಾತು ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಪಿಟಿಎ ಮೀಟಿಂಗಿನಲ್ಲಿಯೂ ಕೇಳಿಬರುತ್ತದೆ. ನಮ್ಮ ಅಧ್ಯಾಪಕರ ಪೈಕಿ ಎಷ್ಟು ಜನರ ಮಕ್ಕಳು ಕನ್ನಡ ಮಾಧ್ಯಮದಲ್ಲಿ ಕಲಿಯುತ್ತಿದ್ದಾರೆ ಎಂದು ಯಾರಾದರೂ ಕೇಳಿದರೆ ಸ್ಟಾಫ್ ರೂಮಿನಲ್ಲಿ ಫ್ಯಾನಿನ ಸದ್ದು ಮಾತ್ರ ಕೇಳುತ್ತದೆ. ನಾವೇ ನಂಬದ ಸರಕನ್ನು ಆ ತಾಯಿ ಹೇಗೆ ನಂಬಬೇಕು?

ಮನಶ್ಶಾಸ್ತ್ರದವರು ಇಂತಹ ಸಂಗತಿಯನ್ನು ಮೂರಾಗಿ ಬಿಡಿಸಿ ನೋಡುತ್ತಾರೆ. ಮೊದಲನೆಯದು ತಲೆಯಲ್ಲಿರುವ ಅಚ್ಚು: "ಇಂಥವರು ಎಂದರೆ ಇಂಥದ್ದೇ" ಎಂಬ ಸಿದ್ಧ ಚಿತ್ರ. ಎರಡನೆಯದು ಮನಸ್ಸಿನಲ್ಲಿರುವ ಪೂರ್ವಗ್ರಹ: ಆ ಅಚ್ಚಿನ ಮೇಲೆ ಹುಟ್ಟುವ ತಾತ್ಸಾರ, ಭಯ ಅಥವಾ ಸಿಟ್ಟು. ಮೂರನೆಯದು ಕೈಯಲ್ಲಿರುವ ತಾರತಮ್ಯ: ಒಬ್ಬನಿಗೆ ಕೊಡುವುದು, ಇನ್ನೊಬ್ಬನಿಗೆ ಕೊಡದಿರುವುದು. ಆ ದಿನ ಆಫೀಸಿನಲ್ಲಿ ಮೂರೂ ಒಟ್ಟಿಗೆ ನಡೆದುಹೋದವು, ಅದೂ ಪ್ರೀತಿಯ ತಾಯಿಯ ಬಾಯಿಂದ. ಕೆಟ್ಟವರು ಮಾತ್ರ ಪೂರ್ವಗ್ರಹ ಇಟ್ಟುಕೊಳ್ಳುತ್ತಾರೆ ಎಂದು ತಿಳಿದಿದ್ದರೆ ಅದನ್ನು ಮೊದಲು ಬಿಡಬೇಕು.

ಗಡಿನಾಡ ಕನ್ನಡಿಗರು ಓದಲೇಬೇಕಾದ ಒಂದು ಪ್ರಯೋಗ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ನಡೆದದ್ದು. ಅಲ್ಲಿ ಫ್ರೆಂಚ್ ಮಾತನಾಡುವವರೇ ಹೆಚ್ಚು. ಆದರೆ ಆ ಕಾಲದಲ್ಲಿ ದೊಡ್ಡ ಕಂಪೆನಿ, ದೊಡ್ಡ ಹುದ್ದೆ, ದುಡ್ಡು ಎಲ್ಲ ಇಂಗ್ಲಿಷಿನವರ ಕೈಯಲ್ಲಿತ್ತು. ಮೆಕ್‌ಗಿಲ್ ವಿಶ್ವವಿದ್ಯಾಲಯದ ವ್ಯಾಲೇಸ್ ಲ್ಯಾಂಬರ್ಟ್ ಮತ್ತು ಸಂಗಡಿಗರು ಎರಡೂ ಭಾಷೆಯನ್ನು ಚೆನ್ನಾಗಿ ಬಲ್ಲವರಿಂದ ಒಂದೇ ವಿಷಯವನ್ನು ಒಮ್ಮೆ ಫ್ರೆಂಚಿನಲ್ಲಿ, ಒಮ್ಮೆ ಇಂಗ್ಲಿಷಿನಲ್ಲಿ ಓದಿಸಿ ಧ್ವನಿಮುದ್ರಿಸಿದರು. ಅದನ್ನು ವಿದ್ಯಾರ್ಥಿಗಳಿಗೆ ಕೇಳಿಸಿ, "ಈ ಧ್ವನಿಯವನು ಹೇಗಿರಬಹುದು?" ಎಂದು ಅಂಕ ಹಾಕಿಸಿದರು. ಎರಡು ಧ್ವನಿಯೂ ಒಬ್ಬನದೇ ಎಂದು ಕೇಳುವವರಿಗೆ ಗೊತ್ತಿರಲಿಲ್ಲ.

1960ರಲ್ಲಿ ಫಲಿತಾಂಶ ಪ್ರಕಟವಾಯಿತು. ಇಂಗ್ಲಿಷ್ ಮಾತೃಭಾಷೆಯ ವಿದ್ಯಾರ್ಥಿಗಳು ಇಂಗ್ಲಿಷ್ ಧ್ವನಿಗೇ ಹೆಚ್ಚು ಅಂಕ ಕೊಟ್ಟರು. ಅದು ನಿರೀಕ್ಷಿಸಿದ್ದೇ. ಫ್ರೆಂಚ್ ಮಾತೃಭಾಷೆಯವರು ಏನು ಮಾಡಿದರು ಗೊತ್ತೇ? ಅವರೂ ಇಂಗ್ಲಿಷ್ ಧ್ವನಿಯವನೇ ಹೆಚ್ಚು ಬುದ್ಧಿವಂತ, ಹೆಚ್ಚು ನಂಬಿಗಸ್ತ, ಕೊನೆಗೆ ಹೆಚ್ಚು ಎತ್ತರದವನು ಎಂದರು! ಧ್ವನಿ ಕೇಳಿ ಎತ್ತರ ಅಳೆದರು. ಕೇಳಿದ 14 ಗುಣಗಳಲ್ಲಿ ಇಂಗ್ಲಿಷಿನವರು ತಮ್ಮ ಭಾಷೆಯ ಧ್ವನಿಯನ್ನು 7ರಲ್ಲಿ ಮೇಲೆ ಎಂದರೆ, ಫ್ರೆಂಚಿನವರು ಆ ಪರಭಾಷೆಯ ಧ್ವನಿಯನ್ನು 10ರಲ್ಲಿ ಮೇಲೆ ಎಂದರು. ತಮ್ಮ ಭಾಷೆಯನ್ನು ಹೆಚ್ಚು ಕೆಳಗಿಟ್ಟವರು ಸ್ವತಃ ಆ ಭಾಷೆಯ ಮಕ್ಕಳೇ.

ಇದನ್ನು ಓದಿದಾಗ ನನಗೆ ನಮ್ಮೂರು ಕಣ್ಣಿಗೆ ಕಟ್ಟಿತು. ಸರಕಾರಿ ಕಚೇರಿಯ ಕಿಟಕಿಯ ಮುಂದೆ ಕನ್ನಡದಲ್ಲಿ ಕೇಳಲು ಧ್ವನಿ ತಗ್ಗುತ್ತದೆ. ಮಲಯಾಳ ಸರಿಯಾಗಿ ಬಾರದಿದ್ದರೂ ಮಲಯಾಳವೇ ಬಾಯಿಗೆ ಬರುತ್ತದೆ. ಮಂಗಳೂರಿನ ಕಾಲೇಜಿಗೆ ಹೋದ ನಮ್ಮ ಮಕ್ಕಳು ಕಾಸರಗೋಡು ಎನ್ನಲು ನಾಚಿ "ಮಂಗಳೂರು ಹತ್ತಿರ" ಎನ್ನುತ್ತಾರೆ. ನಮ್ಮನ್ನು ತೂಗುವ ತಕ್ಕಡಿ ಹೊರಗಿನವರದೇ ಇರಬಹುದು, ಆದರೆ ಕೆಲವೊಮ್ಮೆ ಅದನ್ನು ಹಿಡಿದು ನಿಂತವರು ನಾವೇ.

ಮಾತು ಮಾತಾಗಿಯೇ ಉಳಿದಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಅದು ಮಗುವಿನ ಕೈಗೆ ಇಳಿಯುತ್ತದೆ. ವಿಶ್ವಬ್ಯಾಂಕಿನ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಸಂಶೋಧಕಿಯರು ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಆರು ಮತ್ತು ಏಳನೇ ತರಗತಿಯ 642 ಹುಡುಗರ ಜೊತೆ ಒಂದು ಪ್ರಯೋಗ ಮಾಡಿದರು. ಅರ್ಧದಷ್ಟು ಮೇಲ್ಜಾತಿಯವರು, ಅರ್ಧದಷ್ಟು ದಲಿತರು. ಕಾಗದದ ಮೇಲೆ ಅಚ್ಚಾದ ಚಕ್ರವ್ಯೂಹದಂತಹ ಒಗಟುಗಳಲ್ಲಿ ಗೆರೆ ಎಳೆದು ದಾರಿ ಕಂಡುಹಿಡಿಯಬೇಕು. ಬಿಡಿಸಿದಷ್ಟಕ್ಕೆ ದುಡ್ಡು. ಯಾರ ಜಾತಿ ಏನೆಂದು ಹೇಳದೆ ಬಿಡಿಸಲು ಕೊಟ್ಟಾಗ ಎರಡೂ ಕಡೆಯ ಹುಡುಗರು ಹೆಚ್ಚುಕಡಿಮೆ ಒಂದೇ ಸಮ ಬಿಡಿಸಿದರು. ಇನ್ನು ಕೆಲವು ಗುಂಪುಗಳಲ್ಲಿ ಶುರುಮಾಡುವ ಮೊದಲು ಪ್ರತಿಯೊಬ್ಬನ ಹೆಸರು, ಊರು, ತಂದೆ, ಅಜ್ಜನ ಹೆಸರು, ಜಾತಿ ಎಲ್ಲರೆದುರು ಓದಿದರು. ಅಷ್ಟೇ. ದಲಿತ ಹುಡುಗರು ಬಿಡಿಸಿದ ಒಗಟುಗಳ ಸಂಖ್ಯೆ ಸ್ಪಷ್ಟವಾಗಿ ಕುಸಿಯಿತು. 2004 ಮತ್ತು 2006ರಲ್ಲಿ ಈ ವರದಿಗಳು ಹೊರಬಂದವು.

ಆ ಹುಡುಗರ ಮಿದುಳು ಐದು ನಿಮಿಷದಲ್ಲಿ ಬದಲಾಯಿತೇ? ಇಲ್ಲ. ಬದಲಾದದ್ದು "ಇಲ್ಲಿ ನನ್ನನ್ನು ಹೇಗೆ ನೋಡುತ್ತಾರೆ" ಎಂಬ ಲೆಕ್ಕ. ನಾನು ಎಷ್ಟು ಮಾಡಿದರೂ ಅಷ್ಟೇ ಎಂದು ಅನಿಸಿದ ಮೇಲೆ ಪೆನ್ಸಿಲು ಓಡುವುದಿಲ್ಲ. ನಾವು ತರಗತಿಯಲ್ಲಿ ಪಟ್ಟಿ ಹಿಡಿದು "ಸ್ಟೈಪೆಂಡಿನವರು ನಿಲ್ಲಿ" ಎಂದು ಎಷ್ಟು ಸಲ ಹೇಳಿದ್ದೇವೆ? ಫಾರ್ಮ್ ತುಂಬಿಸುವ ಅವಸರ, ಬೇರೆ ಉದ್ದೇಶವಿಲ್ಲ. ಆದರೆ ಪರೀಕ್ಷೆಯ ಮುಂಚಿನ ದಿನವೂ ಅದನ್ನೇ ಮಾಡಿದ್ದೇವೆ. ಈಗ ಯೋಚಿಸಿದರೆ ನನಗೆ ಮುಜುಗರವಾಗುತ್ತದೆ.

ಅಧ್ಯಾಪಕರ ಬಗ್ಗೆಯೇ ಇರುವ ಇನ್ನೊಂದು ಪ್ರಯೋಗವೂ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾದ ಒಂದು ಪ್ರಾಥಮಿಕ ಶಾಲೆಯಲ್ಲಿ 1960ರ ದಶಕದಲ್ಲಿ ರಾಬರ್ಟ್ ರೋಸೆಂಥಾಲ್ ಎಂಬ ಮನಶ್ಶಾಸ್ತ್ರಜ್ಞರು ಮತ್ತು ಲೆನೋರ್ ಜೇಕಬ್ಸನ್ ಎಂಬ ಮುಖ್ಯೋಪಾಧ್ಯಾಯಿನಿ ಮಕ್ಕಳಿಗೆ ಪರೀಕ್ಷೆ ನಡೆಸಿದರು. ಸುಮಾರು ಐದರಲ್ಲಿ ಒಂದು ಪಾಲು ಮಕ್ಕಳ ಹೆಸರು ಕೊಟ್ಟು "ಇವರು ಈ ವರ್ಷ ಮುಂದೆ ಬರುವವರು" ಎಂದು ಟೀಚರುಗಳಿಗೆ ಹೇಳಿದರು. ನಿಜವಾಗಿ ಆ ಹೆಸರುಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿದ್ದರು. ವರ್ಷದ ಕೊನೆಗೆ ಒಂದು, ಎರಡನೇ ತರಗತಿಗಳಲ್ಲಿ ಆ ಮಕ್ಕಳು ಉಳಿದವರಿಗಿಂತ ಮುಂದೆ ಹೋಗಿದ್ದರು. 1968ರಲ್ಲಿ ಇದು ಪುಸ್ತಕವಾಗಿ ಬಂತು. ಪರಿಣಾಮ ಅಷ್ಟು ದೊಡ್ಡದಲ್ಲ ಎಂದು ಅನಂತರದ ಸಂಶೋಧನೆಗಳು ಹೇಳಿದ್ದುಂಟು. ಆದರೆ ಮೊದಲೇ ಕೀಳಾಗಿ ಕಾಣಲ್ಪಟ್ಟ ಗುಂಪಿನ ಮಕ್ಕಳ ಮೇಲೆ ಅದು ಹೆಚ್ಚು ತಟ್ಟಬಹುದು ಎಂದೂ ಅವೇ ಹೇಳಿವೆ.

ಆ ಪುಸ್ತಕದಲ್ಲಿ ನನ್ನನ್ನು ಕಾಡಿದ್ದು ಬೇರೆಯೇ ಸಂಗತಿ. ಪಟ್ಟಿಯಲ್ಲಿ ಹೆಸರಿಲ್ಲದ ಕೆಲವು ಮಕ್ಕಳೂ ತಮ್ಮಷ್ಟಕ್ಕೆ ಮುಂದೆ ಬಂದಿದ್ದರು. ಅವರ ಬಗ್ಗೆ ಟೀಚರುಗಳಿಗೆ ಸಂತೋಷವಾಗಬೇಕಿತ್ತಲ್ಲ? ಆಗಲಿಲ್ಲ. ಅಂತಹವರಿಗೆ ಟೀಚರುಗಳು ಒಳ್ಳೆಯ ಅಭಿಪ್ರಾಯ ಬರೆಯಲಿಲ್ಲ. ನಾವು ಹಾಕಿಟ್ಟ ಅಚ್ಚಿನಿಂದ ಹೊರಗೆ ಬಂದ ಮಗು ನಮಗೇ ಕಿರಿಕಿರಿ. "ಇವ ಯಾರದ್ದೋ ನೋಡಿ ಬರೆದಿರಬೇಕು" ಎಂದು ನಾನೂ ಹೇಳಿದ್ದುಂಟು. ನೀವು ಹೇಳಲಿಲ್ಲವೇ?

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಬರಲೇಬೇಕು. "ಮಾಷ್ಟ್ರೇ, ಎಲ್ಲವನ್ನೂ ಮನಸ್ಸಿನ ಮೇಲೆ ಹಾಕಬೇಡಿ. ಕನ್ನಡ ಮಾಧ್ಯಮಕ್ಕೆ ನಿಜವಾದ ತೊಂದರೆಗಳಿಲ್ಲವೇ?" ಇವೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಅವು ನಮ್ಮ ಜೊತೆಗೇ ಇವೆ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯ ಒದಗಿಸಬೇಕು ಎಂದು ಅದೇ ವರ್ಷ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಹಾಗಿದ್ದೂ ಕನ್ನಡ ಬಾರದವರನ್ನು ಕನ್ನಡ ತರಗತಿಗೆ ನೇಮಿಸಿದ್ದರ ವಿರುದ್ಧ ಮಕ್ಕಳೇ ಧರಣಿ ಕೂರಬೇಕಾಯಿತು. 2018ರಲ್ಲಿ ರಿಷಬ್ ಶೆಟ್ಟಿಯವರ ಸಿನಿಮಾ ಬಂದ ಮೇಲೆ ಗಡಿಯಾಚೆಯವರಿಗೂ ಆ ಕತೆ ಗೊತ್ತಾಯಿತು. ಇಂತಹದ್ದರ ವಿರುದ್ಧ ಅರ್ಜಿ, ಕೋರ್ಟು, ಧರಣಿ ಎಲ್ಲವೂ ಬೇಕು. ಪೂರ್ವಗ್ರಹ ತಲೆಯಲ್ಲಿ ಮಾತ್ರ ಇರುವುದಿಲ್ಲ, ನೇಮಕಾತಿ ಪಟ್ಟಿಯಲ್ಲಿ, ಪ್ರಶ್ನೆಪತ್ರಿಕೆಯಲ್ಲಿಯೂ ಇರುತ್ತದೆ. ಕನ್ನಡಿಗರು ಮನಸ್ಸು ಗಟ್ಟಿಮಾಡಿಕೊಂಡರೆ ಎಲ್ಲ ಸರಿಯಾಗುತ್ತದೆ ಎಂದು ನಾನು ಹೇಳುವುದಿಲ್ಲ.

ನಾನು ಹೇಳುವುದು ಇಷ್ಟೇ. ತಿರುವನಂತಪುರದ ಹತ್ತಿರ ಕೇಳುವ ನ್ಯಾಯವನ್ನು ನಮ್ಮ ತರಗತಿಯ ಹಿಂದಿನ ಬೆಂಚಿಗೂ ನಾವು ಕೊಡುತ್ತಿದ್ದೇವೆಯೇ?

ಕಾಸರಗೋಡು ಸಪ್ತಭಾಷಾ ಸಂಗಮ ಭೂಮಿ ಎಂದು ಪ್ರತಿ ಸಭೆಯಲ್ಲೂ ಭಾಷಣ ಮಾಡುತ್ತೇವೆ. ಸಭೆ ಮುಗಿದ ಮೇಲೆ? ಮನೆಯಲ್ಲಿ ಬ್ಯಾರಿ ಮಾತನಾಡುವ ಹುಡುಗಿ "ಹ"ಕಾರ ತಪ್ಪಿದರೆ ನಗುತ್ತೇವೆ. ತುಳು ಬೆರೆಸಿ ಮಾತನಾಡಿದವನ ಭಾಷೆಯನ್ನು "ಅಶುದ್ಧ" ಎನ್ನುತ್ತೇವೆ. ಮಲಯಾಳಿಗಳೆಂದರೆ ಎಲ್ಲ ಲೆಕ್ಕಾಚಾರದವರು ಎಂದು ಟೀ ಕುಡಿಯುತ್ತಾ ಜೋಕು ಹೊಡೆಯುತ್ತೇವೆ. ಅದೇ ಟೀ ತಂದುಕೊಟ್ಟವರು ಮಲಯಾಳ ವಿಭಾಗದ ಟೀಚರ್. ಇನ್ನು ಕೊರಗ ಕಾಲೊನಿಯಿಂದ ಬರುವ ಮಕ್ಕಳ ವಿಷಯ. ಆ ಸಮುದಾಯವನ್ನು ಕೀಳಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ನಿಲ್ಲಿಸಲು ಕರ್ನಾಟಕ ಸರಕಾರ 2000ದಲ್ಲಿ ಕಾನೂನನ್ನೇ ತರಬೇಕಾಯಿತು. ನಮ್ಮದೂ ಅದೇ ತುಳುನಾಡಿನ ನೆಲ, ಅದೇ ಮನಸ್ಸು.

ನನ್ನ ಕತೆಯನ್ನೇ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಬೆಂಚು ಎತ್ತಿಡಲು, ಅಂಗಳದ ಕಸ ತೆಗೆಯಲು ಯಾರನ್ನು ಕರೆಯುತ್ತಿದ್ದೆ ಎಂದು ಒಂದು ದಿನ ಕೂತು ನೆನಪು ಮಾಡಿಕೊಂಡೆ. ಪ್ರತಿ ಸಲವೂ ಅದೇ ಮೂರು ಹುಡುಗರು. ಮೂವರೂ ಕಾಲೊನಿಯವರು. "ಅವರು ಗಟ್ಟಿಮುಟ್ಟು, ಕೆಲಸಕ್ಕೆ ಹಿಂದೆಮುಂದೆ ನೋಡುವುದಿಲ್ಲ" ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಹೊಗಳಿಕೆಯ ಬಟ್ಟೆ ಹಾಕಿಕೊಂಡರೂ ಅದು ಅಚ್ಚೇ. ಕ್ವಿಜ್‌ಗೆ ಹೆಸರು ಕೊಡುವಾಗ ಆ ಮೂವರಲ್ಲಿ ಒಬ್ಬನನ್ನೂ ನಾನು ಕೇಳಿರಲಿಲ್ಲ. ಕೈ ಎತ್ತಲಿಲ್ಲ ಎಂದುಕೊಂಡಿದ್ದೆ. ಕರೆಯದ ಮನೆಗೆ ಯಾರು ಊಟಕ್ಕೆ ಬರುತ್ತಾರೆ?

ಹಾಗಾದರೆ ಏನು ಮಾಡಬಹುದು? ಉಪದೇಶದಿಂದ ಆಗುವುದು ಕಡಿಮೆ. "ನಾವೆಲ್ಲ ಒಂದೇ" ಎಂದು ಅಸೆಂಬ್ಲಿಯಲ್ಲಿ ಹೇಳಿಸಿ, ತರಗತಿಗೆ ಬಂದು ಬೇರೆ ಬೇರೆ ಕೂರಿಸಿದರೆ ಮಕ್ಕಳು ಎರಡನೆಯದನ್ನೇ ಕಲಿಯುತ್ತಾರೆ. ಗೋರ್ಡನ್ ಆಲ್‌ಪೋರ್ಟ್ ಎಂಬ ಮನಶ್ಶಾಸ್ತ್ರಜ್ಞರು 1954ರಲ್ಲೇ ಒಂದು ಮಾತು ಹೇಳಿದ್ದರು. ಬೇರೆ ಬೇರೆ ಗುಂಪಿನವರನ್ನು ಸುಮ್ಮನೆ ಒಂದೆಡೆ ಸೇರಿಸಿದರೆ ಸಾಲದು. ಸಮಾನ ಸ್ಥಾನ ಇರಬೇಕು, ಒಟ್ಟಿಗೆ ಸಾಧಿಸುವ ಗುರಿ ಇರಬೇಕು, ಸಹಕಾರ ಇರಬೇಕು, ಮೇಲಿನವರ ಬೆಂಬಲವೂ ಬೇಕು.

ನಮ್ಮ ದೇಶದಲ್ಲೇ ಇದಕ್ಕೆ ಒಳ್ಳೆಯ ಸಾಕ್ಷಿ ಸಿಕ್ಕಿದೆ. ದೆಹಲಿಯ ಶ್ರೀಮಂತ ಖಾಸಗಿ ಶಾಲೆಗಳು ಬಡ ಮಕ್ಕಳಿಗೆ ಸೀಟು ಕೊಡಬೇಕು ಎಂಬ ನಿಯಮ ಬಂದ ಮೇಲೆ ಗೌತಮ್ ರಾವ್ ಎಂಬ ಅರ್ಥಶಾಸ್ತ್ರಜ್ಞರು ಅಲ್ಲಿನ ಶ್ರೀಮಂತ ಮಕ್ಕಳನ್ನು ಅಧ್ಯಯನ ಮಾಡಿದರು. ಬಡ ಸಹಪಾಠಿಗಳಿದ್ದ ತರಗತಿಯ ಮಕ್ಕಳು ಹೆಚ್ಚು ಉದಾರಿಗಳಾಗಿದ್ದರು. ರಿಲೇ ಓಟಕ್ಕೆ ಜೊತೆಗಾರರನ್ನು ಆರಿಸುವಾಗ ಬಡವ ಎಂದು ದೂರ ಇಡುವುದು ಕಡಿಮೆಯಾಗಿತ್ತು. ಅವರ ಇಂಗ್ಲಿಷ್ ಅಂಕ ಸ್ವಲ್ಪ ಕಡಿಮೆಯಾದದ್ದನ್ನೂ ಅವರು ಮುಚ್ಚಿಡಲಿಲ್ಲ. 2019ರಲ್ಲಿ ಇದು ಪ್ರಕಟವಾಯಿತು. 2021ರಲ್ಲಿ ಪ್ರಕಟವಾದ ಮ್ಯಾಟ್ ಲೋ ಅವರ ಅಧ್ಯಯನ ಇನ್ನೂ ಸ್ವಾರಸ್ಯದ್ದು. ಉತ್ತರ ಪ್ರದೇಶದಲ್ಲಿ ಯುವಕರಿಗಾಗಿ ಕ್ರಿಕೆಟ್ ಲೀಗ್ ನಡೆಸಿದರು. ಬೇರೆ ಜಾತಿಯವರ ಜೊತೆ ಒಂದೇ ಟೀಮಿನಲ್ಲಿ ಆಡಿದವರಲ್ಲಿ ಜಾತಿ ಮೀರಿದ ಗೆಳೆತನ ಹೆಚ್ಚಿತು. ಎದುರಾಳಿಗಳಾಗಿ ಮಾತ್ರ ಮುಖ ನೋಡಿದವರಲ್ಲಿ ಅಂತಹ ಗೆಳೆತನ ಕಡಿಮೆಯಾಯಿತು. ಮೈದಾನ ಒಂದೇ, ಬಾಲು ಬ್ಯಾಟೂ ಅದೇ. ವ್ಯತ್ಯಾಸ ಯಾವ ಟೀಮು ಎಂಬುದರಲ್ಲಿ.

ಇದನ್ನು ಓದಿ ನನಗೆ ನಗು ಬಂತು. ನಮ್ಮ ಶಾಲೆಯಲ್ಲಿ ಪ್ರತಿ ವರ್ಷ ಮಕ್ಕಳ ದೊಡ್ಡ ಮ್ಯಾಚು ಯಾವುದು ಗೊತ್ತೇ? ಕನ್ನಡ ವಿಭಾಗ ಮತ್ತು ಮಲಯಾಳ ವಿಭಾಗ! ಒಂದೇ ಮಾಡಿನ ಕೆಳಗೆ ಎರಡು ಮಾಧ್ಯಮ, ವರ್ಷವಿಡೀ ಬೇರೆ ಬೇರೆ ಕೋಣೆ, ಒಂದು ದಿನ ಎದುರುಬದುರು. ಮ್ಯಾಚಿನ ಮರುದಿನ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಕಳೆದ ವರ್ಷ ನಾನು ಮತ್ತು ಮಲಯಾಳ ವಿಭಾಗದ ಪಿ.ಟಿ. ಮಾಷ್ಟ್ರು ಕೂತು ಮಾತಾಡಿ ನಾಲ್ಕು ಟೀಮು ಮಾಡಿದೆವು. ಪ್ರತಿ ಟೀಮಿನಲ್ಲೂ ಎರಡೂ ಕಡೆಯವರು. ಮೊದಲ ದಿನ ಗೊಣಗಿದರು. ಎರಡನೇ ದಿನ ನಮ್ಮ ಹುಡುಗ ಕ್ಯಾಚ್ ಹಿಡಿದಾಗ ಓಡಿ ಬಂದು ಎತ್ತಿಕೊಂಡವ ಆ ಕಡೆಯವ. ಇಷ್ಟರಿಂದ ಜಗತ್ತು ಬದಲಾಯಿತು ಎಂದು ನಾನು ಹೇಳುವುದಿಲ್ಲ. ಊಟದ ಹೊತ್ತಿಗೆ ಒಟ್ಟಿಗೆ ಕೂರುವವರು ಈಗ ಕೆಲವರಿದ್ದಾರೆ, ಅಷ್ಟೇ.

ಇನ್ನೂ ಕೆಲವು ಸಣ್ಣ ಕೆಲಸಗಳನ್ನು ಶುರುಮಾಡಿದ್ದೇನೆ. ಕಸ ತೆಗೆಯುವ ಸರದಿ ಈಗ ಹಾಜರಿ ಪುಸ್ತಕದ ಕ್ರಮದಲ್ಲಿ, ಡಾಕ್ಟರರ ಮಗನಿಗೂ ಬರುತ್ತದೆ. ಪ್ರಶ್ನೆ ಕೇಳುವಾಗ ಕೈ ಎತ್ತಿದವರನ್ನು ಮಾತ್ರ ಕೇಳದೆ ಹೆಸರಿನ ಚೀಟಿ ಎತ್ತುತ್ತೇನೆ. ಸ್ಟೈಪೆಂಡಿನ ಫಾರ್ಮು ಬಂದರೆ ಮನೆಯವರನ್ನು ಕರೆಸಿ ಆಫೀಸಿನಲ್ಲಿ ತುಂಬಿಸುತ್ತೇನೆ. ಅಧ್ಯಾಪಕರ ಕೋಣೆಯಲ್ಲಿ "ಆ ಬ್ಯಾಚೇ ವೇಸ್ಟು" ಎಂಬ ಮಾತು ಬಂದಾಗ "ಯಾರು, ಯಾವ ಪಾಠದಲ್ಲಿ?" ಎಂದು ಕೇಳುತ್ತೇನೆ. ಆ ಪ್ರಶ್ನೆಗೆ ಉತ್ತರ ಹುಡುಕುವಾಗ ಬ್ಯಾಚು ಕರಗಿ ಮಕ್ಕಳು ಕಾಣಿಸುತ್ತಾರೆ. ಈ ಪ್ರಶ್ನೆಯಿಂದಾಗಿ ಒಬ್ಬಿಬ್ಬರು ಸಹೋದ್ಯೋಗಿಗಳು ನನ್ನ ಮೇಲೆ ಮುನಿಸಿಕೊಂಡಿದ್ದಾರೆ, ಇರಲಿ.

ಆ ಸಣ್ಣವನ ಕತೆ ಎಲ್ಲಿಗೆ ಬಂತು ಎಂದು ಕೇಳಬಹುದು. ಅವನು ಇಲ್ಲೇ ಇದ್ದಾನೆ. ಆರನೇ ದಿನದ ಲೆಕ್ಕದಲ್ಲಿ ಅವನ ತಲೆಯೂ ಸೇರಿತು, ಡಿವಿಷನ್ ಉಳಿಯಿತು. ಅಂದರೆ ಪೆದ್ದ ಎನಿಸಿಕೊಂಡ ಆ ಮಗು ನಮ್ಮಲ್ಲಿ ಒಬ್ಬರ ಅನ್ನ ಉಳಿಸಿತು. ಅವನ ಕ್ಲಾಸ್ ಟೀಚರಿಗೆ ನಾನು ಏನನ್ನೂ ಹೇಳಲಿಲ್ಲ. ವಾರಕ್ಕೊಮ್ಮೆ ಲೈಬ್ರರಿ ಪೀರಿಯಡ್‌ನಲ್ಲಿ ಅವನಿಂದ ಗಟ್ಟಿಯಾಗಿ ಓದಿಸುತ್ತೇನೆ. ಓದುವುದು ನಿಧಾನ. ಒತ್ತಕ್ಷರ ಬಂದಲ್ಲಿ ನಿಲ್ಲುತ್ತಾನೆ. ಆದರೆ ಓದಿ ಮುಗಿಸಿದ ಮೇಲೆ ಕತೆಯ ಬಗ್ಗೆ ಅವನು ಕೇಳುವ ಪ್ರಶ್ನೆ ಅವನ ಅಣ್ಣ ಒಂದು ದಿನವೂ ಕೇಳಿದ್ದಿಲ್ಲ.

ಮೊನ್ನೆ ಓದಿ ಮುಗಿಸಿ, ಪುಸ್ತಕ ಮುಚ್ಚಿ ಕೇಳಿದ: "ಮಾಷ್ಟ್ರೇ, ನಾನು ಪೆದ್ದು ಅಲ್ವಾ?"

"ಯಾರು ಹೇಳಿದ್ದು?" ಎಂದೆ. ಅವನು ಉತ್ತರಿಸಲಿಲ್ಲ. ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಅದನ್ನು ಹೇಳಿದ ಕೋಣೆಯಲ್ಲಿ ನಾನೂ ಇದ್ದೆ, ಬಾಯಿ ಮುಚ್ಚಿಕೊಂಡು ಟಿ.ಸಿ.ಯ ಪುಸ್ತಕ ಹುಡುಕುತ್ತಿದ್ದೆ.

ಮುಂದಿನ ಜೂನ್‌ನಲ್ಲಿ ನಿಮ್ಮ ಶಾಲೆಗೂ ಇಂತಹ ತಾಯಿ ಬರುತ್ತಾರೆ. ಟಿ.ಸಿ. ಕೊಡಿ, ಅದು ಅವರ ಹಕ್ಕು. ಆದರೆ ಮೇಜಿನ ಅಂಚು ಹಿಡಿದು ನಿಂತ ಮಗುವಿಗೆ ಕೇಳಿಸುವಂತೆ ಒಂದು ಮಾತು ಹೇಳಿ: "ಇವ ಪೆದ್ದು ಅಲ್ಲ ಅಕ್ಕ." ನಾನು ಆ ದಿನ ಹೇಳಲಿಲ್ಲ. ಈಗ ವಾರಕ್ಕೊಮ್ಮೆ ಹೇಳುತ್ತಿದ್ದೇನೆ, ಇನ್ನೂ ಅವನಿಗೆ ಪೂರ್ತಿ ನಂಬಿಕೆ ಬಂದಿಲ್ಲ.